ನಂಜುಂಡನ ಕೊರಳಲ್ಲಿ ಎರಡು ವಿಷ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಗ್ಲಿಷಿನ ಪಾಯಿಸನ್, ವೆನಮ್ ಎರಡಕ್ಕೂ ನಾವು ವಿಷ ಎಂದೇ ಹೇಳುತ್ತೇವೆ. ನಂಜುಂಡೇಶ್ವರನನ್ನು ನೆನೆದರೆ ಇವುಗಳ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ಅವನು ಕುಡಿದು ಗಂಟಲಲ್ಲೇ ತಡೆದ ಹಾಲಾಹಲ ಪಾಯಿಸನ್. ಅದೇ ಕೊರಳನ್ನು ಸುತ್ತಿಕೊಂಡ ನಾಗರನ ಹಲ್ಲಿನಿಂದ ಇಳಿಯುವುದು ವೆನಮ್. ಪಾಯಿಸನ್ ಪದದ ಲ್ಯಾಟಿನ್ ಮೂಲಕ್ಕೂ ಪಾನ ಎಂದೇ ಅರ್ಥ. ತಿಂದರೆ, ಕುಡಿದರೆ, ಉಸಿರಾಡಿದರೆ, ಚರ್ಮಕ್ಕೆ ತಗುಲಿದರೆ ಕೆಡುಕು ಮಾಡುವುದು ಅದು. ವೆನಮ್ ಹಾಗಲ್ಲ, ಒಂದು ಜೀವಿ ಹಲ್ಲಿನಿಂದಲೋ ಕೊಂಡಿಯಿಂದಲೋ ಇನ್ನೊಂದರ ಮೈಯೊಳಗೆ ಚುಚ್ಚಿ ಇಳಿಸುವಂಥದ್ದು.

ಬೆಂಗಳೂರಿನಲ್ಲಿ ಇವೆರಡೂ ನಮ್ಮ ಅಂಗಳದ ಸಂಗತಿಗಳೇ. ಪೂಜೆಗೆ ಬಿಡಿಸುವ ಕಣಗಿಲೆಯ ಹೂವು, ಎಲೆ, ಕಾಂಡ ಎಲ್ಲದರಲ್ಲೂ ಹೃದಯದ ಬಡಿತ ಕೆಡಿಸುವ ಪಾಯಿಸನ್ ಇದೆ. ಕೆರೆಯಂಚಿನ ಬಡಾವಣೆಗಳಲ್ಲಿ ಕಾಣಿಸುವ ನಾಗರಹಾವು, ಕೊಳಕುಮಂಡಲಗಳದ್ದು ವೆನಮ್. ಇಲಿ ಹಿಡಿಯುತ್ತಾ ಓಡಾಡುವ ಕೇರೆಹಾವಿನಿಂದ ನಮಗೆ ಯಾವ ವಿಷದ ಭಯವೂ ಇಲ್ಲ. ಆದರೂ ಅದನ್ನು ಹೊಡೆದು ಕೊಲ್ಲುತ್ತಾರೆ, ಪಾಪ.

ಇದು ಬರಿಯ ನಿಘಂಟಿನ ಮಾತಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಹಾವು ಕಚ್ಚಿದವರಿಗೆ ಬೇವಿನ ಸೊಪ್ಪು ತಿನ್ನಿಸಿ ಕಹಿ ಗೊತ್ತಾಗುತ್ತದೆಯೇ ಎಂದು ಪರೀಕ್ಷಿಸುವುದು, ವಾಂತಿ ಮಾಡಿಸುವುದು ಇನ್ನೂ ನಿಂತಿಲ್ಲ. ಹೊಟ್ಟೆಗೇ ಹೋಗದ ವಿಷವನ್ನು ವಾಂತಿ ಹೇಗೆ ಹೊರಹಾಕೀತು? ಅದು ಮಾಂಸದಲ್ಲಿ, ರಕ್ತದಲ್ಲಿ ಹರಡುತ್ತಿರುತ್ತದೆ, ಮತ್ತು ಕೈಜಾರುತ್ತಿರುವುದು ಸಮಯ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಎಂಬುದು ಸಂಶೋಧಕರ ಅಂದಾಜು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದ್ದು ಸರಿಯಾದ ಕೆಲಸ.

ವೆನಮ್ಮಿನ ಬಹುಪಾಲು ಪ್ರೋಟೀನು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಆ ವಿಷವನ್ನು ಎದುರಿಸಲು ಹುಟ್ಟುವ ಪ್ರತಿಕಾಯಗಳಿಂದ ನಮ್ಮ ಪ್ರತಿವಿಷವನ್ನು ತಯಾರಿಸುತ್ತಾರೆ. ಒಂದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಬೇರೆಯಾಗುತ್ತದೆ. ಅದನ್ನು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಅಧ್ಯಯನ ಮಾಡುತ್ತಿದ್ದಾರೆ. ಈ ಪ್ರತಿವಿಷ ಕಣಗಿಲೆ ತಿಂದವರಿಗೆ ನಾಟುವುದಿಲ್ಲ.

ಹಾವು ಕಚ್ಚಿದರೆ ಆ ಕೈಯನ್ನೋ ಕಾಲನ್ನೋ ಅಲುಗಾಡಿಸಬೇಡಿ. ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ, ಹಾವನ್ನು ಹುಡುಕುತ್ತಾ ನಿಲ್ಲಬೇಡಿ. 108ಕ್ಕೆ ಕರೆ ಮಾಡಿ, ಪ್ರತಿವಿಷವಿರುವ ಆಸ್ಪತ್ರೆಗೆ ಹೋಗಿ. ಮಗು ಕಣಗಿಲೆ ತಿಂದಿದ್ದರೆ ಮನೆಯಲ್ಲಿ ವಾಂತಿ ಮಾಡಿಸಲು ಕೂರದೆ, ಆ ಗಿಡದ ಒಂದು ತುಂಡನ್ನೂ ತೆಗೆದುಕೊಂಡು ಕೂಡಲೇ ವೈದ್ಯರ ಬಳಿಗೆ ಓಡಿ.

ನಮಸ್ಕಾರ.