ಕೂದಲ ಮೇಲೊಂದು ಕೂದಲು

ಕೇಳುಗರೇ, ನಮಸ್ಕಾರ.

ಚೌರಿ ಹಾಕಿ ಜಡೆ ಹೆಣೆಸಿಕೊಂಡವರಿಗೆ ಈ ಪಾಡು ಗೊತ್ತು. ಬೆಳಿಗ್ಗೆ ಮದುವೆಮನೆಯಲ್ಲಿ ಎಲ್ಲರೂ ಹೊಗಳಿದ ಜಡೆ ಊಟದ ಹೊತ್ತಿಗೆ ಜಗ್ಗತೊಡಗುತ್ತದೆ, ಸಂಜೆ ಬಿಚ್ಚಿದಾಗಲೇ ಜೀವಕ್ಕೆ ನೆಮ್ಮದಿ. ನಮಗೆ ಅದು ಒಂದು ದಿನದ ಮಾತು. ಮದುವೆಯಾದಂದಿನಿಂದ ಪ್ರತಿದಿನವೂ ಬೇರೆಯವರ ಕೂದಲನ್ನು ತಲೆಗೇರಿಸಿಕೊಂಡು ಓಡಾಡುವ ಹೆಂಗಸರಿದ್ದಾರೆ. ಈ ಹೊತ್ತು ಅವರ ಬಗ್ಗೆ ನಾಲ್ಕು ಮಾತು.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬರೋ ಪಾರ್ಕ್ ಎಂಬ ಬಡಾವಣೆಯಿದೆ. ಸಂಪ್ರದಾಯಸ್ಥ ಯಹೂದಿ ಕುಟುಂಬಗಳು ದಟ್ಟವಾಗಿ ನೆಲೆಸಿರುವ ಜಾಗ. ಅದರ ಅಂಚಿನಲ್ಲಿ ನಾನು ಕೆಲವು ವರ್ಷ ಬಾಡಿಗೆಗಿದ್ದೆ. ಕೆಳಗಿನ ಮನೆಯಾಕೆ ಐದು ಮಕ್ಕಳ ತಾಯಿ. ಎಷ್ಟೇ ಗಡಿಬಿಡಿಯಿದ್ದರೂ ಅವರ ಕಂದು ಕೂದಲು ಕೆದರಿದ್ದನ್ನು ನಾನು ಕಂಡಿರಲಿಲ್ಲ. ಹೊಟ್ಟೆಕಿಚ್ಚು ತಡೆಯಲಾರದೆ ಒಂದು ದಿನ, ಯಾವ ಎಣ್ಣೆ ಹಚ್ಚುತ್ತೀರಿ ಎಂದು ಕೇಳಿಯೇಬಿಟ್ಟೆ. ಅವರು ನಕ್ಕು, "ಎಣ್ಣೆಯಲ್ಲ, ಇದು ಶೈಟಲ್" ಎಂದರು.

ಯಿಡ್ಡಿಷ್ ಭಾಷೆಯಲ್ಲಿ ಶೈಟಲ್ ಎಂದರೆ ವಿಗ್. ಮದುವೆಯಾದವಳು ತಲೆ ಮುಚ್ಚದೆ ಹೊರಗೆ ಹೋಗಬಾರದೆಂಬ ಮಾತು ಸುಮಾರು 1,800 ವರ್ಷಗಳ ಹಿಂದೆ ಸಂಕಲನಗೊಂಡ ಯಹೂದಿ ಧರ್ಮನಿಯಮಗಳ ಸಂಗ್ರಹ ಮಿಶ್ನಾದಲ್ಲೇ ಇದೆ. ಕೂದಲನ್ನು ಕೂದಲಿನಿಂದಲೇ ಮುಚ್ಚುವುದು ಯಾವ ನ್ಯಾಯ ಎಂದು ನಿಮಗನ್ನಿಸಬಹುದು. ನನಗೂ ಅನ್ನಿಸಿತ್ತು. ಯಹೂದಿ ಪಂಡಿತರೂ ಈ ಬಗ್ಗೆ ಸಾಕಷ್ಟು ಜಗಳವಾಡಿದ್ದಾರೆ. ಜೆರುಸಲೇಮಿನ ರಬ್ಬಿ, ಅಂದರೆ ಧರ್ಮಗುರು, ಓವಾದಿಯಾ ಯೋಸೆಫ್ ವಿಗ್ ಕೂಡದು, ಬಟ್ಟೆಯೇ ಸರಿ ಎಂದರು. ಬ್ರೂಕ್ಲಿನ್‌ನ ಲುಬಾವಿಚ್ ಪಂಥದ ಗುರು ಮೆನಾಖೆಮ್ ಮೆಂಡೆಲ್ ಶ್ನೀರ್ಸನ್ ವಿಗ್ಗೇ ಮೇಲು ಎಂದರು. ಯಾರಾದರೂ ಎದುರಾದರೆ ತಲೆವಸ್ತ್ರವನ್ನು ಸಂಕೋಚದಿಂದ ಹಿಂದಕ್ಕೆ ಸರಿಸಿಬಿಡಬಹುದು, ವಿಗ್ಗನ್ನು ಬೀದಿಯಲ್ಲಿ ಹಾಗೆ ತೆಗೆಯಲಾಗದು ಎಂಬುದು ಅವರ ವಾದ. ಹೆಂಗಸರ ಮನಸ್ಸನ್ನು ಬಲ್ಲ ವಾದ, ಒಪ್ಪಬೇಕಾದದ್ದೇ. ಆದರೆ ಅಷ್ಟು ಭದ್ರವಾಗಿ ಕೂತದ್ದು ತಲೆಯನ್ನು ಎಷ್ಟು ಒತ್ತುತ್ತದೆ ಎಂಬುದು ಪಂಡಿತರ ಚರ್ಚೆಗೆ ಬರುವ ವಿಷಯವಲ್ಲ.

ಒಂದು ಜುಲೈ ಮಧ್ಯಾಹ್ನ ಆಕೆ ಅದನ್ನು ತೆಗೆದು ನನ್ನ ಕೈಗಿತ್ತರು. ಒಳಮಗ್ಗುಲನ್ನು ತಿರುವಿ ನೋಡಿದೆ. ಸಾಲುಸಾಲಾಗಿ ಹೊಲಿದ ಕೂದಲ ಪಟ್ಟಿಗಳು, ನಡುವೆ ಗಾಳಿಯಾಡಲು ಸಂದು, ಕತ್ತಿನ ಬಳಿ ಬಿಗಿ ಹೆಚ್ಚುಕಡಿಮೆ ಮಾಡುವ ಎಲಾಸ್ಟಿಕ್, ಹಣೆಯ ಮೇಲೆ ಮತ್ತು ಕಿವಿಗಳ ಹತ್ತಿರ ಪುಟ್ಟ ಬಾಚಣಿಗೆಗಳು. "ಕಳ್ಳ ಇವನೇ" ಎಂದು ಕಿವಿಯ ಬಳಿಯ ಬಾಚಣಿಗೆಯನ್ನು ತೋರಿಸಿದರು. ದಿನವೂ ಅದೇ ಜಾಗದ ಕೂದಲನ್ನು ಹಿಡಿದು ಎಳೆದೂ ಎಳೆದೂ ಅವರಿಗೆ ಅಲ್ಲಿ ಕಾಸಿನಗಲ ಕೂದಲು ತೆಳುವಾಗಿತ್ತು. ಕೊನೆಗೆ ಬಾಚಣಿಗೆಗಳನ್ನೆಲ್ಲ ಕತ್ತರಿಸಿ ಎಸೆದು, ಅಡಿಯಲ್ಲಿ ಎರಡು ಬೆರಳಗಲದ ಮಖಮಲ್ ಪಟ್ಟಿ ಕಟ್ಟಿಕೊಳ್ಳಲು ಕಲಿತರಂತೆ. ಮಖಮಲ್ಲಿನ ನವಿರು ವಿಗ್ಗನ್ನು ಹಿಡಿದುಕೊಳ್ಳುತ್ತದೆ, ಚರ್ಮವನ್ನು ಕಚ್ಚುವುದಿಲ್ಲ.

ಇಂಥವು ಇನ್ನೂ ಇದ್ದವು. ತಲೆಯ ಸುತ್ತಳತೆ ತೆಗೆಯದೆ ಕೊಳ್ಳಬಾರದು: ಕಿರಿದಾದರೆ ತಲೆನೋವು, ದೊಡ್ಡದಾದರೆ ಗಾಳಿಯ ಭಯ. ಸ್ವಂತ ಕೂದಲನ್ನು ತುರುಬು ಕಟ್ಟದೆ ಚಪ್ಪಟೆಯಾಗಿ ಹೆಣೆದು ಸುತ್ತಬೇಕು. ತಲೆ ಒದ್ದೆಯಿರುವಾಗ ಹಾಕಿಕೊಂಡರೆ ದಿನವಿಡೀ ನವೆ. ಸೊಂಟದವರೆಗಿನ ಉದ್ದ ಅಂಗಡಿಯ ಕನ್ನಡಿಗೆ ಚೆಂದ, ಕತ್ತಿಗೆ ಭಾರ. ಮನೆಯೊಳಗೆ ಇದಾವುದೂ ಬೇಡ, ಟಿಖಲ್ ಎಂಬ ಮೆತ್ತನೆಯ ಬಟ್ಟೆ ಸುತ್ತಿಕೊಂಡರಾಯಿತು. ಸಾವಿರಾರು ಡಾಲರ್ ಕೊಟ್ಟು ತಂದದ್ದು ಆಗ ಬೆಂಡಿನ ತಲೆಯ ಮೇಲೆ ಕುಳಿತು ಕಿಟಕಿಯಿಂದ ಬೀದಿ ನೋಡುತ್ತಿರುತ್ತದೆ.

ಈ ಕೂದಲು ಬರುವುದೆಲ್ಲಿಂದ? ಎಂಟು ವರ್ಷದವಳಿದ್ದಾಗ ನನ್ನ ಜ್ವರ ಬಿಟ್ಟಿತೆಂದು ಅಜ್ಜಿ ಹರಕೆ ತೀರಿಸಲು ತಿರುಮಲೆಗೆ ಕರೆದೊಯ್ದು ಕಲ್ಯಾಣಕಟ್ಟೆಯಲ್ಲಿ ಮುಡಿ ಕೊಡಿಸಿದ್ದರು. ಅಲ್ಲಿ ಸೇರುವ ಕೂದಲನ್ನು ದೇವಸ್ಥಾನ ಹರಾಜು ಹಾಕುತ್ತದೆ. ಉದ್ದನೆಯದು ವಿಗ್ ತಯಾರಕರ ಕೈಸೇರುತ್ತದೆ. 2004ರ ಮೇ ತಿಂಗಳಲ್ಲಿ ಜೆರುಸಲೇಮಿನ ರಬ್ಬಿ ಯೋಸೆಫ್ ಶಾಲೋಮ್ ಎಲ್ಯಾಶಿವ್, ಇದು ಅನ್ಯದೇವರಿಗೆ ಅರ್ಪಿಸಿದ ವಸ್ತು, ಯಹೂದಿಗಳು ತೊಡಕೂಡದು ಎಂದು ತೀರ್ಪಿತ್ತರು. ಅದಕ್ಕೆ ಮೊದಲು ಲಂಡನ್ನಿನ ರಬ್ಬಿಯೊಬ್ಬರು ತಿರುಮಲೆಗೇ ಹೋಗಿ ನೋಡಿ ಬಂದಿದ್ದರು. ಇಸ್ರೇಲಿನಲ್ಲಿ, ಬ್ರೂಕ್ಲಿನ್‌ನಲ್ಲಿ ಬೀದಿಗೆ ತಂದು ವಿಗ್ಗುಗಳನ್ನು ಸುಟ್ಟರು. ನಮ್ಮ ಕೆಳಮನೆಯಾಕೆ ಸುಡಲಿಲ್ಲ, ಎಲ್ಲಿಯ ಕೂದಲೋ ತಿಳಿಯದೆ ಚೀಲದಲ್ಲಿ ಕಟ್ಟಿಟ್ಟು ಆ ಬೇಸಿಗೆಯೆಲ್ಲ ಕೃತಕ ನಾರಿನದನ್ನು ತೊಟ್ಟರಂತೆ. ಬೆವರಿಳಿದು ಸಾಕಾಯಿತು. ಒಂದು ಶುಕ್ರವಾರ ಶಬ್ಬಾತ್ ಎಂಬ ವಾರದ ವಿಶ್ರಾಂತಿ ದಿನದ ರೊಟ್ಟಿ ನೋಡಲು ಒಲೆಯ ಬಾಗಿಲು ತೆರೆದರೆ ಝಳ ಹೊಡೆದು ಮುಂಗುರುಳೆಲ್ಲ ಮುರುಟಿತು. ನಾನು ಮುಡಿ ಕೊಟ್ಟ ಕಥೆ ಹೇಳಿದಾಗ ಆಕೆ ಸ್ವಲ್ಪ ಹೊತ್ತು ನನ್ನ ತಲೆಯನ್ನೇ ನೋಡಿ, "ನೀವು ಕೊಟ್ಟಿರಿ, ನಾನು ಬೆವರಿದೆ" ಎಂದರು.

ನಾನು ಮನೆ ಬಿಡುವ ವರ್ಷ ಅವರ ಹಿರಿಯ ಮಗಳ ಮದುವೆ ಗೊತ್ತಾಯಿತು. ಹೊಸ ವಿಗ್ ಬಂತು. ಹುಡುಗಿ ಅದನ್ನು ಪೆಟ್ಟಿಗೆಯಲ್ಲೇ ಜೋಪಾನ ಮಾಡಲು ಹೊರಟಾಗ ತಾಯಿ ಬಿಡಲಿಲ್ಲ. ದಿನಕ್ಕೊಂದು ಗಂಟೆ ಹಾಕಿಕೊಂಡು ಪಾತ್ರೆ ತೊಳೆ, ಬಗ್ಗಿ ನೆಲ ಒರೆಸು, ಎಲ್ಲಿ ಒತ್ತುತ್ತದೆ ಈಗಲೇ ಹೇಳು, ಮದುವೆಯ ನಂತರದ ಏಳು ದಿನದ ಔತಣಗಳಲ್ಲಿ ತಲೆ ಹಿಡಿದು ಕೂರಬೇಡ ಎಂದು ಕಟ್ಟಪ್ಪಣೆ. ಹೊಸ ಮಖಮಲ್ ಪಟ್ಟಿ ಬಿರುಸು ಎಂದು ಮಗಳು ಗೊಣಗಿದಳು. ತಾಯಿ ಒಳಗೆ ಹೋಗಿ ತಮ್ಮ ಹಳೆಯದನ್ನು ಬಿಚ್ಚಿ ತಂದರು. ವರ್ಷಗಟ್ಟಲೆ ಒಗೆದು ಬಣ್ಣ ಮಾಸಿತ್ತು, ಮುಟ್ಟಿದರೆ ಹತ್ತಿಯಂತಿತ್ತು. ಅದನ್ನು ಮಗಳ ತಲೆಗೆ ಕಟ್ಟಿ, ಹೊಸದನ್ನು ತಾವು ಕಟ್ಟಿಕೊಂಡರು.

ನಮಸ್ಕಾರ.