ಮಾರ್ಚ್ 31ರ ಲೆಕ್ಕ: ಅದು ಯಾವ ವರ್ಷದ್ದು?

ಎಲ್ಲರಿಗೂ ನಮಸ್ಕಾರ. ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆಯಿಂದ ಅಂಗಡಿ ಬಾಗಿಲು ಹಾಕಿ ಬಂದಿದ್ದೀರಿ, ಡೆಬಿಟ್ಟು ಕ್ರೆಡಿಟ್ಟು ಅಂದ್ರೆ ಎಂತ ಅಂತ ನಿಮಗೆ ಹೇಳ್ಬೇಕಾಗಿಲ್ಲ. ನಂಗೆ ಹೇಳ್ಲಿಕ್ಕಿರೋದು ಒಂದೇ, ವರ್ಷದ ಕೊನೆಯ ಹೊಂದಾಣಿಕೆ ನಮೂದುಗಳನ್ನ, ಅಂದ್ರೆ ಖರ್ಚನ್ನೂ ಆದಾಯವನ್ನೂ ಅದು ಸೇರಿದ ವರ್ಷಕ್ಕೇ ತರ್ಲಿಕ್ಕೆ ಮಾರ್ಚ್ 31ಕ್ಕೆ ಬರೆಯುವ ನಮೂದುಗಳನ್ನ, ಪೂರ್ತಿ ಆಡಿಟರ ತಲೆಗೆ ಕಟ್ಬೇಡಿ. ಅವ್ರ ಹತ್ರ ಫೈಲು ಹೋಗೋದು ಜೂನೋ ಜುಲೈಯೋ, ಅಷ್ಟೊತ್ತಿಗೆ ಮಾರ್ಚಿನ ಬಾಕಿ ಯಾರಿಗೆ ನೆನಪಿರ್ತದೆ ಮಾರಾಯ್ರೆ? ಮಾಲೀಕರೇ ಕೂತು ಬರೆಸ್ಬೇಕು.

ಒಂದು ಸಂಗತಿ ಹೇಳ್ತೇನೆ. ಅಣ್ಣ ತಮ್ಮ ಸೇರಿ ನಡೆಸ್ತಿದ್ದ ಅಡಿಕೆ ಅಂಗಡಿ, ಊರಿನ ಹೆಸರು ಬೇಡ. ಮಾರ್ಚ್ 31ಕ್ಕೆ ಅಣ್ಣ ಪಾಲು ಬಿಟ್ಟು ಬೇರೆ ಆಗೋದು ಅಂತ ತೀರ್ಮಾನ ಆಯ್ತು, ಜಗಳ ಎಂತದ್ದೂ ಇಲ್ಲ. ಪುಸ್ತಕದಲ್ಲಿ ಲಾಭ 4 ಲಕ್ಷ, ತಲಾ 2 ಲಕ್ಷ ಹಂಚಿ ಆಯ್ತು, ಊಟವೂ ಆಯ್ತು. ಏಪ್ರಿಲ್ ಬಂತು ನೋಡಿ. ಮೂರು ಜನ ಕೆಲಸದವರ ಮಾರ್ಚ್ ಸಂಬಳ 45 ಸಾವಿರ, ಅದು ಯಾವಾಗ್ಲೂ 5ನೇ ತಾರೀಕಿಗೆ ಕೊಡೋದು. ಕರೆಂಟ್ ಬಿಲ್ಲು ನಮ್ಮಲ್ಲಿ ಎರಡು ತಿಂಗಳಿಗೊಮ್ಮೆ ಅಲ್ವಾ, ಫೆಬ್ರವರಿ ಮಾರ್ಚಿಂದು 5 ಸಾವಿರ ಆಗ ಬಂತು. ಸಾಲದ ಬಡ್ಡಿ 30 ಸಾವಿರ. ಎಲ್ಲ ತಮ್ಮನ ಮೇಲೆ! ಇದನ್ನೆಲ್ಲ ಲಾಭದಿಂದ ಕಳೀಬೇಕಿತ್ತಲ್ಲ ಅಂತ ಅವ ಕೇಳಿದ, ಅಣ್ಣ "ಲೆಕ್ಕ ಮುಗ್ದಿದೆಯಲ್ಲ" ಅಂದ, ಅಲ್ಲಿಗೆ ಮಾತು ನಿಂತಿತು, ಒಂದೇ ಜಾಗದಲ್ಲಿ ಎರಡು ಮನೆ, ಮಕ್ಕಳು ಕೂಡ ಆಚೆ ಈಚೆ ಹೋಗ್ಲಿಕ್ಕಿಲ್ಲ.

ಮತ್ತೆ ಕೂತು ನೋಡಿದ್ರೆ ತಮ್ಮ ಹೇಳಿದ್ದೂ ಪೂರ್ತಿ ಸರಿ ಇರಲಿಲ್ಲ. 80 ಸಾವಿರ ಕಳೀಬೇಕು, ನಿಜ. ಆದ್ರೆ ಗೋಡೌನಿನ ಇನ್ಶೂರೆನ್ಸು ಅಕ್ಟೋಬರ್ 1ಕ್ಕೆ ಒಂದು ವರ್ಷಕ್ಕೆ ಅಂತ 24 ಸಾವಿರ ಕಟ್ಟಿ ಅಷ್ಟನ್ನೂ ಖರ್ಚಿಗೆ ಹಾಕಿದ್ರು. ಅದ್ರಲ್ಲಿ 12 ಸಾವಿರ ಮುಂದಿನ ವರ್ಷದ್ದು, ಅದನ್ನ ಲಾಭಕ್ಕೆ ಸೇರಿಸ್ಬೇಕು. ಹಾಗೆ ಲಾಭ 3,32,000, ತಲಾ 1,66,000. ಅಣ್ಣನಿಗೆ ಹೆಚ್ಚು ಹೋದದ್ದು 34 ಸಾವಿರ. ನಾಲ್ಕು ನಮೂದು ಬರೆದಿದ್ರೆ ಆ ಮನೆಯಲ್ಲಿ ಇದೆಲ್ಲ ಆಗ್ತಾನೇ ಇರಲಿಲ್ಲ!

ದುಡ್ಡು ಯಾವಾಗ ಕೈಬಿಟ್ಟಿತು ಅಂತ ನೋಡ್ಬೇಡಿ, ಯಾವ ವರ್ಷಕ್ಕೆ ಸೇರಿದ್ದು ಅಂತ ಕೇಳಿ.

ಸ್ಟಾಕಿಂದೂ ಹಾಗೆಯೇ. 380ಕ್ಕೆ ತಗೊಂಡ ಅಡಿಕೆಗೆ ಇವತ್ತು 430 ಕ್ರಯ ಉಂಟು ಅಂತ 430ರಲ್ಲಿ ಬರೆದ್ರೆ ಮಾರದ ಮಾಲಿಗೆ ಲಾಭ ತೋರಿಸಿ ತೆರಿಗೆ ಕಟ್ಟಿದ ಹಾಗಾಯ್ತು. ಕೊಂಡ ಕ್ರಯ, ಮಾರಿದ್ರೆ ಸಿಗುವ ಕ್ರಯ, ಎರಡರಲ್ಲಿ ಕಮ್ಮಿ ಇದ್ದದ್ದನ್ನ ಹಾಕಿ. ಆ 50 ರೂಪಾಯಿ ಯಾವ ವರ್ಷಕ್ಕೆ ಸೇರಿದ್ದು? ಮಾರಿದ ವರ್ಷಕ್ಕೆ.

ಟೈಮ್ ಆಯ್ತು ಅಂತ ಚೀಟಿ ಬಂತು, ಸವಕಳಿ, ಅಂದ್ರೆ ಸಾಮಾನು ಹಳತಾದ ಹಾಗೆ ಅದರ ಕ್ರಯದಲ್ಲಿ ವರ್ಷ ವರ್ಷ ಖರ್ಚಿಗೆ ಹಾಕುವ ಪಾಲು, ಅದನ್ನ ಬೇಗ ಹೇಳಿ ಬಿಡ್ತೇನೆ. ಆದಾಯ ತೆರಿಗೆ ಲೆಕ್ಕಕ್ಕೆ ಕಂಪ್ಯೂಟರಿಗೆ ನೂರಕ್ಕೆ 40, ಫರ್ನಿಚರಿಗೆ 10, ಆ ವರ್ಷ ತಗೊಂಡು 180 ದಿನಕ್ಕಿಂತ ಕಮ್ಮಿ ಬಳಸಿದ್ರೆ ಅರ್ಧ. ಎಫ್‌ಡಿ ಬಡ್ಡಿ ಕೈಗೆ ಬರದಿದ್ರೂ ಮಾರ್ಚ್ ವರೆಗಿನದ್ದು ಆದಾಯವೇ.

ಲೆಕ್ಕ ಬರೆಯುವ ಸಾಫ್ಟ್‌ವೇರು ಟ್ಯಾಲಿಯಲ್ಲಿ ಎಫ್7 ಒತ್ತಿದ್ರೆ ಜರ್ನಲ್, ಅಂದ್ರೆ ಇಂಥ ನಮೂದು ಬರೆಯುವ ಜಾಗ, ಬರ್ತದೆ. ಮಾರ್ಚ್ 31ಕ್ಕೆ ಅಲ್ಲಿ ಸಂಬಳ ಡೆಬಿಟ್ಟು, ಬಾಕಿ ಸಂಬಳ ಕ್ರೆಡಿಟ್ಟು. ಏಪ್ರಿಲ್ 5ಕ್ಕೆ ಕೊಡುವಾಗ ಬಾಕಿ ಸಂಬಳಕ್ಕೇ ಡೆಬಿಟ್ ಹಾಕಿ, ಪುನಃ ಸಂಬಳಕ್ಕೆ ಹಾಕಿದ್ರೆ ಖರ್ಚು ಎರಡು ಸಲ ಆಗ್ತದೆ. ಪುಸ್ತಕ ತಂದವರು ಇಲ್ಲೇ ಇರಿ, ಒಟ್ಟಿಗೆ ಕೂತು ನೋಡುವ.