ಸಂಜೆ ಆರಕ್ಕೆ ಒಂದು ಕಡೆ ನಿಲ್ಲಿ

ಕೇಳುಗರಿಗೆಲ್ಲ ನಮಸ್ಕಾರ.

ಶಿವರಾತ್ರಿ ಹತ್ತಿರ ಬಂತು. ಚಳಿ ಶಿವಶಿವಾ ಅಂತ ಹೊರಡುವ ಹೊತ್ತು. ರಾಯಚೂರಿನಲ್ಲಿ ಇನ್ನು ಮುಂದೆ ಬಿಸಿಲಿನದೇ ಮಾತು. ಆದರೆ ಅದಕ್ಕೆ ಮೊದಲು ನಮಗೆ ಒಂದಿಷ್ಟು ಒಳ್ಳೆಯ ಸಂಜೆಗಳು ಸಿಗುತ್ತವೆ. ಡಿಸೆಂಬರ್ ಮೊದಲ ವಾರ ನಮ್ಮಲ್ಲಿ 5.45ರ ಸುಮಾರಿಗೆ ಹೊತ್ತು ಮುಳುಗುತ್ತಿತ್ತು. ಫೆಬ್ರವರಿ ಕೊನೆಗೆ ಅದು 6.25ರ ಹತ್ತಿರ ಬರುತ್ತದೆ. ಹೆಚ್ಚು ಕಡಿಮೆ 40 ನಿಮಿಷ ಬೆಳಕು ಜಾಸ್ತಿ! ಕೆಲಸ ಮುಗಿಸಿ ಮನೆಗೆ ಬಂದು ಚಹಾ ಕುಡಿದ ಮೇಲೂ ಹೊರಗೆ ಬೆಳಕಿರುತ್ತದೆ. ಆ ಬೆಳಕನ್ನು ಹಕ್ಕಿಗಳಿಗೆ ಕೊಡಿ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಸಂಜೆ ಆರಕ್ಕೆ ಒಂದು ಕಡೆ ನಿಲ್ಲಿ. ತಲೆ ಎತ್ತಿ ನೋಡಿ.

ಹಕ್ಕಿ ನೋಡಬೇಕು ಅಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಯಾವ ಕ್ಯಾಮೆರಾ ತಗೋಬೇಕು ಸರ್?" ಎರಡನೆಯದು, "ಎಲ್ಲಿಗೆ ಹೋಗಬೇಕು ಸರ್?" ಎಲ್ಲಿಗೂ ಬೇಡ. ಕ್ಯಾಮೆರಾನೂ ಬೇಡ. ನಿಮ್ಮ ಮಾಳಿಗೆ ಸಾಕು, ಹೊಲದ ಬದು ಸಾಕು, ಬಸ್ಸಿಗೆ ಕಾಯುವ ಕ್ರಾಸ್ ಸಾಕು. ನೀವು ಹಕ್ಕಿ ಹುಡುಕಿಕೊಂಡು ಓಡಾಡಿದರೆ ಅವು ಹಾರಿ ಹೋಗುತ್ತವೆ. ನಿಂತರೆ ಅವೇ ನಿಮ್ಮ ಮುಂದೆ ಬರುತ್ತವೆ. ಯಾಕೆ ಅಂದರೆ ಸಂಜೆ ಎಲ್ಲ ಹಕ್ಕಿಗೂ ಮನೆಗೆ ಹೋಗುವ ಅವಸರ. ದಿನವೂ ಹೆಚ್ಚು ಕಡಿಮೆ ಅದೇ ದಾರಿ, ಅದೇ ಮರ.

ಇದನ್ನು ನನಗೆ ಚೆನ್ನಾಗಿ ತೋರಿಸಿಕೊಟ್ಟವರು ಮಸ್ಕಿ ಕಡೆಯ ಒಬ್ಬ ಅವ್ವ. ಎರೆ ಹೊಲ, ಹಿಂಗಾರಿ ಜೋಳ. ತೆನೆ ಹಾಲು ತುಂಬಿ ಗಟ್ಟಿಯಾಗುತ್ತಿತ್ತು. ಅವ್ವ ಅಟ್ಟಣೆ ಮೇಲೆ ನಿಂತು ಕವಣೆ ಬೀಸುತ್ತಿದ್ದರು. ಪಕ್ಕದಲ್ಲಿ ಬಡಿಯಲು ಒಂದು ಖಾಲಿ ಎಣ್ಣೆ ಡಬ್ಬಿ. ಅವರ ಜಗಳ ಇದ್ದದ್ದು ಗುಲಾಬಿ ಮೈನಾಗಳ ಜೊತೆ. ನೀವೂ ನೋಡಿರುತ್ತೀರಿ. ತಲೆ, ರೆಕ್ಕೆ, ಬಾಲ ಕಪ್ಪು, ಬೆನ್ನು ಹೊಟ್ಟೆ ಗುಲಾಬಿ. ಆಗಸ್ಟ್ ಸುಮಾರಿಗೆ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಬರುತ್ತವೆ, ಏಪ್ರಿಲ್ ಹೊತ್ತಿಗೆ ವಾಪಸ್ ಹೊರಡುತ್ತವೆ. ಅಲ್ಲಿ ಮಿಡತೆ ತಿಂದು ರೈತನಿಗೆ ಉಪಕಾರಿ. ಇಲ್ಲಿ ಹುಳುವನ್ನೂ ತಿನ್ನುತ್ತವೆ, ಜೋಳವನ್ನೂ ಬಿಡುವುದಿಲ್ಲ.

ಸಂಜೆ ಆಗುತ್ತಿದ್ದಂತೆ ಅವ್ವ ಕವಣೆ ಕೆಳಗಿಟ್ಟು ಕೂತುಬಿಟ್ಟರು. "ಹಕ್ಕಿ ಇನ್ನೂ ಅದಾವಲ್ಲವ್ವ?" ಅಂದೆ. "ಈಗ ಅವಕ್ಕ ನನ್ನ ಹೊಲ ಬ್ಯಾಡ್ರಿ ಸರ. ಮನಿ ಬೇಕು. ಸುಮ್ನ ಕುಂದರ್ರಿ, ಆ ಹಳ್ಳದ ಜಾಲಿಗೆ ಹೋಗ್ತಾವ" ಅಂದರು. ಕೂತೆ. ಮೊದಲು ಬಂದದ್ದು ಸದ್ದು. ರೆಕ್ಕೆಗಳ ಸುಯ್ ಅನ್ನುವ ಸದ್ದು, ಜೋಳದ ತೆನೆಗಿಂತ ಒಂದಾಳು ಎತ್ತರದಲ್ಲಿ. ಒಂದು ಹಿಂಡು ಹೋಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಬಂದದ್ದು ಎಂಥ ದೊಡ್ಡ ಹಿಂಡು ಅಂದರೆ, ಎಣಿಸುವ ಮಾತೇ ಇರಲಿಲ್ಲ. ಅಷ್ಟರಲ್ಲಿ ಮೇಲಿಂದ ಒಂದು ಡೇಗೆ, ಹಕ್ಕಿ ಹಿಡಿದು ತಿನ್ನುವ ಬೇಟೆ ಹಕ್ಕಿ, ಎರಗಿತು. ಚೆದುರಿಕೊಂಡಿದ್ದ ಇಡೀ ಹಿಂಡು ಮುಷ್ಟಿ ಬಿಗಿದಂತೆ ಗಪ್ಪನೆ ಒಂದಾಯಿತು, ಹೊರಳಿತು, ಕೆಂಪು ಬೆಳಕಿಗೆ ಒಮ್ಮೆ ಗುಲಾಬಿ, ಒಮ್ಮೆ ಕಪ್ಪು. ಡೇಗೆ ಏನೂ ಸಿಗದೆ ಬರಿಗಾಲಲ್ಲಿ ಹೋಯಿತು. ಹಕ್ಕಿ ಗುಂಪು ಕಟ್ಟುವುದು ಇದಕ್ಕೇ ನೋಡಿ. ಸಾವಿರ ಕಣ್ಣು ಕಾವಲು ಇರುತ್ತವೆ, ಒಂದನ್ನೇ ಗುರಿ ಇಟ್ಟು ಹಿಡಿಯುವುದು ಕಷ್ಟ. ಕೊನೆಗೆ ಎಲ್ಲವೂ ಜಾಲಿ ಮುಳ್ಳಿನೊಳಗೆ ಇಳಿದವು. ಟೊಂಗೆ ಬಾಗಿದವು. ಆ ಗದ್ದಲ, ಅಬ್ಬಾ! ಸಂತೆಯೂ ಸಾಲದು.

ಅವ್ವ ಹೇಳಿದ ಮಾತು ನನಗೆ ಬಹಳ ಇಷ್ಟ. "ಹಗಲೆಲ್ಲ ಅವಕ್ಕ ಬೈತೀನ್ರಿ. ಸಂಜಿಗೆ ನೋಡ್ಲಿಲ್ಲಂದ್ರ ಸಮಾಧಾನ ಇಲ್ಲ."

ಈ ಮೈನಾಗಳ ಬಣ್ಣ ಈಗ ದಿನದಿನಕ್ಕೆ ಏರುತ್ತದೆ. ಹೊಸ ಗರಿ ಬಂದು ಅಲ್ಲ. ಚಳಿಗಾಲದ ಗರಿಗೆ ಮಂಕಾದ ಅಂಚು ಇರುತ್ತದೆ. ಅದು ಸವೆದು ಉದುರಿದಂತೆ ಒಳಗಿನ ಗುಲಾಬಿ ಹೊರಗೆ ಬರುತ್ತದೆ. ಬೂರುಗ, ಮುತ್ತುಗ ಹೂಬಿಟ್ಟ ಕಡೆ ನೋಡಿ. ಮಕರಂದ ಕುಡಿದು ಕುಡಿದು ಹಣೆಗೆಲ್ಲ ಪರಾಗ ಮೆತ್ತಿಕೊಂಡಿರುತ್ತವೆ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಊರಲ್ಲಿರುವವರು ಕರೆಂಟಿನ ತಂತಿ ನೋಡಿ. ಅಲ್ಲಿ ಹಸಿರು ಕಳ್ಳಿಪೀರ ಕೂತಿರುತ್ತದೆ. ಸಂಜೆ ಮಣ್ಣಿನ ದಾರಿಗೆ ಇಳಿದು ಧೂಳಿನಲ್ಲಿ ಸ್ನಾನ ಮಾಡುತ್ತದೆ. ಆಮೇಲೆ ಒಂದೇ ಟೊಂಗೆಯ ಮೇಲೆ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಮಲಗುತ್ತವೆ. ಕೆರೆ ದಂಡೆಯವರು ಬೆಳ್ಳಕ್ಕಿ ಸಾಲು ನೋಡಿ. ಕೊಪ್ಪಳದ ಕಡೆಯವರಿಗೆ ತುಂಗಭದ್ರಾ ಹಿನ್ನೀರೇ ಇದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಅಲ್ಲಿಗೆ ಚಳಿಗಾಲಕ್ಕೆ ಬರುತ್ತದೆ, ಇನ್ನೇನು ಹೊರಡುವುದರಲ್ಲಿರುತ್ತದೆ. ಎಲ್ಲಿದ್ದರೂ ಅಷ್ಟೇ, ಒಂದು ಕಡೆ ನಿಲ್ಲಿ. ಮಕ್ಕಳನ್ನೂ ಜೊತೆಗೆ ನಿಲ್ಲಿಸಿಕೊಳ್ಳಿ. ಫೋನು ಜೇಬಿನಲ್ಲೇ ಇರಲಿ, ಅರ್ಧ ಗಂಟೆಗೆ ಏನೂ ಆಗುವುದಿಲ್ಲ.

ಇನ್ನೊಂದು ಮಾತು. ಮೈನಾ ಗದ್ದಲ ನಿಂತ ಮೇಲೆ ಬೇವಿನ ಪೊಟರೆಯಿಂದ ಹಾಲಕ್ಕಿ ಹೊರಗೆ ಬರುತ್ತದೆ. ಬಿಳಿ ಚುಕ್ಕೆಯ ಸಣ್ಣ ಗೂಬೆ, ತಲೆ ಕುಣಿಸುತ್ತಾ ನಿಮ್ಮನ್ನೇ ನೋಡುತ್ತದೆ. ದಯವಿಟ್ಟು ಅಪಶಕುನ ಅಂತ ಕಲ್ಲು ಹೊಡೆಯಬೇಡಿ. ರಾತ್ರಿಯೆಲ್ಲ ನಿಮ್ಮ ಹಿತ್ತಲಿನ ಹುಳು, ಇಲಿಮರಿ ಹಿಡಿಯುವುದು ಅದೇ. ಆ ಹಳೆಯ ಬೇವು ಕಡಿಸುವ ಯೋಚನೆ ಇದ್ದರೆ, ಮೊದಲು ಒಂದು ಸಂಜೆ ಅದರ ಕೆಳಗೆ ನಿಂತು ಯಾರ್ಯಾರು ಒಳಗಿದ್ದಾರೆ ನೋಡಿ.

ನಮಸ್ಕಾರ.